ಕಡ ತಂದ ಮಳೆ

ಮಲೆನಾಡಿನ ಮಳೆಯನ್ನು ಹಾಡಿ ಹೊಗಳುವುದು ನಮ್ಮ ಕವಿಗಳಿಗೆ ಹಳೆಯ ರೂಢಿ. ಕುವೆಂಪು ಅವರು ಬರೆದುದು ತಾವೇ ತೀರ್ಥಹಳ್ಳಿಯ ಕಾಡಿನಲ್ಲಿ ನೆನೆದ ಮಳೆಯನ್ನು. ಈಚಿನ ಅನೇಕರು ಬರೆಯುತ್ತಿರುವುದಾದರೋ ಅವರಿಂದ ಕಡ ತಂದ ಮಳೆಯನ್ನು. ನನ್ನ ತಕರಾರು ಇದು.

ಇಂದಿನ ಮಳೆ ಅಂದಿನದಲ್ಲ. ಗಾಳಿ 1 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಅದು ಹೊರಬಲ್ಲ ನೀರಾವಿ ಶೇಕಡಾ 7ರಷ್ಟು ಹೆಚ್ಚುತ್ತದೆ. ಸುರಿಯುವಾಗ ಒಮ್ಮೆಗೇ ಸುರಿಯುವ ಸಂಭವವೂ ಹೆಚ್ಚುತ್ತದೆ. ಹೊಸನಗರ, ತೀರ್ಥಹಳ್ಳಿಗಳ ಅಡಕೆ ತೋಟಗಳಲ್ಲಿ ಎಲೆಚುಕ್ಕಿ ರೋಗ ಹರಡಿದೆ. ಹನಿ ಸಿಡಿದಂತೆ, ಗಾಳಿ ಬೀಸಿದಂತೆ ಶಿಲೀಂಧ್ರ ಮರದಿಂದ ಮರಕ್ಕೆ ದಾಟುತ್ತದೆ. ಕೊಳೆಗೆ ಬೋರ್ಡೋ ದ್ರಾವಣ ಹೊಡೆಯಲು ಎರಡು ದಿನದ ಹೊಳವಿಗಾಗಿ ಕಾದು ಕುಳಿತ ತೋಟಿಗನ ಮುಂದೆ ಮುತ್ತಿನ ಹನಿಯ ಪದ್ಯ ಓದಿ ನೋಡಿ!

ಕಾವ್ಯಕ್ಕೆ ಈ ಲೆಕ್ಕಾಚಾರವೇಕೆ ಎನ್ನುವವರಿದ್ದಾರೆ. ಅವರಿಗೆ ನಾ. ಡಿಸೋಜರೇ ಉತ್ತರ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಹೊಸನಗರವನ್ನು ಹಾದು ಸಾಗರಕ್ಕೆ ಬಂದರೆ, ಅಲ್ಲಿ 1964ರ ಲಿಂಗನಮಕ್ಕಿ ಅಣೆಕಟ್ಟು ಅದನ್ನು ತಡೆದು ನಿಲ್ಲಿಸುತ್ತದೆ. ಪೂರ್ಣಮಟ್ಟ 1819 ಅಡಿ. ಇಂಜಿನಿಯರರಿಗೆ ಅದೊಂದು ಅಂಕಿ. ಆ ಗೆರೆಯ ಕೆಳಗೆ ಮನೆಯಿದ್ದವರಿಗೆ ಹಣೆಬರಹ. ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದ ಡಿಸೋಜರು ಎರಡನ್ನೂ ಬಲ್ಲವರು. ಆದ್ದರಿಂದಲೇ 'ಮುಳುಗಡೆ', 'ದ್ವೀಪ' ಕಾದಂಬರಿಗಳು ಹುಟ್ಟಿದವು. ತೀರ್ಥಹಳ್ಳಿ ಸೀಮೆಯವರೇ ಆದ ಗಿರೀಶ ಕಾಸರವಳ್ಳಿಯವರ 'ದ್ವೀಪ' ಚಿತ್ರಕ್ಕೆ 2001ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ನೀರಿನ ಲೆಕ್ಕ ತಿಳಿದುದರಿಂದ ಕಥೆ ಬಡವಾಯಿತೇ?

ಇನ್ನೊಂದು ಪಿಡುಗೂ ಇದೆ. ಜೂನ್ 5 ಬಂತೆಂದರೆ ಭೂತಾಯಿ ಅಳುವ ಪದ್ಯಗಳು, ಹಸಿರು ಬಳಿದ ಭಿತ್ತಿಚಿತ್ರಗಳು. ಮರುದಿನ ಎಲ್ಲವೂ ಮೌನ. ಕಾಲೇಜು ಸ್ಪರ್ಧೆಗಳ ತೀರ್ಪುಗಾರನಾಗಿ ಇಂಥವನ್ನು ಓದಿ ಬೇಸತ್ತಿದ್ದೇನೆ. ಒಂದು ಊರಿನ ಹೆಸರಿಲ್ಲ, ಒಂದು ಮರದ ಹೆಸರಿಲ್ಲ. ಸಾಗರದ ದೀವರ ಹೆಂಗಸರ ಚಿತ್ತಾರವನ್ನು ನೋಡಿ: ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳುಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ. ಯಾವುದು ಎಲ್ಲಿ ಬೆಳೆಯುತ್ತದೆಂದು ಅರಿಯದವರಿಂದ ಅದು ಮೂಡಲಾರದು. ಘೋಷಣೆಗೆ ಇಂಥ ಅರಿವು ಬೇಕಿಲ್ಲ, ಕಲೆಗೆ ಬೇಕು.

ಬರೆಯುವವರು, ಬಿಡಿಸುವವರು, ರಂಗಕ್ಕೆ ತರುವವರು ಮೊದಲು ಮಳೆಮಾಪಕ ನೋಡಿ ಬರಲಿ, ಕೊಳೆತ ಅಡಕೆ ಉದುರಿದ ತೋಟ ಸುತ್ತಿ ಬರಲಿ. ಎಷ್ಟು ಸುರಿಯಿತೆಂದು ವಿಜ್ಞಾನಿ ಹೇಳಿಯಾರು. ಸುರಿದುದು ಯಾರ ಅಂಗಳದಲ್ಲಿ, ಅವರು ಅಂದು ರಾತ್ರಿ ಹೇಗೆ ಕಳೆದರು ಎಂಬುದನ್ನು ಹೇಳಬೇಕಾದವರು ನಾವು. ನಾವೇ ಹಳೆಯ ಮಳೆಯಲ್ಲಿ ಕೊಡೆ ಬಿಚ್ಚಿಕೊಂಡು ನಿಂತರೆ ಹೇಳುವವರು ಯಾರು?