ಸುತ್ತುದಾರಿಯಲ್ಲಿ ನಡೆಯಿರಿ, ನಾಡಿಯನ್ನೂ ಎಣಿಸಿ

ಮಕ್ಕಳೇ, ಪರೀಕ್ಷೆ ಹತ್ತಿರ ಬಂತೆಂದರೆ ದೊಡ್ಡವರ ಮಾತು ಒಂದೇ: "ಕಣ್ಣು ಮುಚ್ಚಿ ಐದು ನಿಮಿಷ ಧ್ಯಾನ ಮಾಡಿ." ನಾನೂ ಹೇಳಿದವನೇ. "ಕಣ್ಣು ಮುಚ್ಚಿದ್ರೆ ಗಣಿತದ ಪೇಪರೇ ಕಾಣುತ್ತೆ ಸರ್" ಎಂದು ಹತ್ತನೇ ತರಗತಿಯ ಹುಡುಗಿಯೊಬ್ಬಳು ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕೂತು ಧ್ಯಾನ ಮಾಡಲಾಗದವರು ನಡೆಯುತ್ತಲೂ ಮಾಡಬಹುದು. ಅದಕ್ಕೊಂದು ಹಳೆಯ ಉಪಾಯ ಲ್ಯಾಬಿರಿಂತ್, ಅಂದರೆ ಸುತ್ತುದಾರಿ.

ಮಕ್ಕಳ ಪುಟದಲ್ಲಿ ಬರುವ 'ಮೊಲಕ್ಕೆ ದಾರಿ ತೋರಿಸಿ' ಚಿತ್ರದಲ್ಲಿ ಕವಲುಗಳಿರುತ್ತವೆ, ದಾರಿ ತಪ್ಪುತ್ತದೆ. ಸುತ್ತುದಾರಿ ಹಾಗಲ್ಲ. ಇರುವುದು ಒಂದೇ ದಾರಿ. ಅದು ಸುತ್ತಿ ಸುತ್ತಿ ನಡುವಿಗೆ ಮುಟ್ಟಿಸುತ್ತದೆ, ಅದೇ ದಾರಿಯಲ್ಲಿ ಹೊರಬರಬೇಕು. ಫ್ರಾನ್ಸಿನ ಶಾರ್ತ್ರ್ ಚರ್ಚಿನ ನೆಲದಲ್ಲಿ 13ನೇ ಶತಮಾನದ ಸುತ್ತುದಾರಿಯಿದೆ. ಸುಮಾರು 13 ಮೀಟರ್ ಅಗಲದ ವೃತ್ತದೊಳಗೆ ಸುಮಾರು 260 ಮೀಟರ್ ದಾರಿ ಮಡಚಿಕೊಂಡಿದೆ! ನಮ್ಮ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ಅಭಿಮನ್ಯುವಿನ ಚಕ್ರವ್ಯೂಹವನ್ನೂ ಇಂಥದೇ ಸುತ್ತುಗಳಾಗಿ ಕೆತ್ತಿದ್ದಾರೆ.

ಇಲ್ಲಿ 'ಎತ್ತ ಹೋಗಲಿ' ಎಂದು ಯೋಚಿಸಬೇಕಿಲ್ಲ. ಗಮನವನ್ನು ಹೆಜ್ಜೆಯ ಮೇಲೂ ಉಸಿರಿನ ಮೇಲೂ ಇಡಬಹುದು. ಉಸಿರನ್ನು ನಿಧಾನವಾಗಿ, ಉದ್ದವಾಗಿ ಬಿಟ್ಟಾಗ ವೇಗಸ್ ನರದ ಮೂಲಕ ಹೃದಯದ ಬಡಿತ ತುಸು ತಗ್ಗುತ್ತದೆ. ಇದು ವಿಜ್ಞಾನ. ಆದರೆ 'ಈ ಆಕಾರದಲ್ಲೇ ಶಕ್ತಿಯಿದೆ' ಎಂದು ಯಾರಾದರೂ ಹೇಳಿದರೆ ತಲೆಯಾಡಿಸಬೇಡಿ. ಪರೀಕ್ಷಿಸಿ.

ಅಂಗಳದಲ್ಲಿ ಸೀಮೆಸುಣ್ಣದಿಂದ ದೊಡ್ಡ ಕೂಡಿಸುವ ಚಿಹ್ನೆ ಬರೆಯಿರಿ. ಅದರ ನಾಲ್ಕು ಸಂದುಗಳಲ್ಲೂ ಒಂದೊಂದು 'ಎಲ್' ಆಕಾರ, ಹೊರಮೂಲೆಗಳಲ್ಲಿ ನಾಲ್ಕು ಚುಕ್ಕೆ. ಚಿಹ್ನೆಯ ಮೇಲ್ತುದಿಯನ್ನು ಬಲಗಡೆಯ ಪಕ್ಕದ ತುದಿಗೆ ಕಮಾನಿನಂತೆ ಸೇರಿಸಿ. ಆಮೇಲೆ ಎಡಗಡೆಯ ಮುಂದಿನ ತುದಿಯನ್ನು ಬಲಗಡೆಯ ಮುಂದಿನದಕ್ಕೆ ಸೇರಿಸುತ್ತಾ ಹೋಗಿ. ಚುಕ್ಕೆಯನ್ನೂ ಒಂದು ತುದಿಯೆಂದೇ ಎಣಿಸಿ. ಎಂಟು ಕಮಾನು ಮುಗಿದಾಗ ಏಳು ಸುತ್ತಿನ ದಾರಿ ಸಿದ್ಧ.

ಐದು ನಿಮಿಷ ಕೂತು, ಒಂದು ನಿಮಿಷದ ನಾಡಿ ಎಣಿಸಿ. ಭಯಕ್ಕೆ ಹತ್ತರಲ್ಲಿ ಎಷ್ಟು ಅಂಕ ಎಂದೂ ಬರೆಯಿರಿ. ಈಗ ನಿಧಾನವಾಗಿ ಒಳಹೋಗಿ ಹೊರಬನ್ನಿ. ನಡೆದರೆ ನಾಡಿ ಏರುವುದು ಸಹಜ, ಹಾಗಾಗಿ ಮತ್ತೆ ಐದು ನಿಮಿಷ ಕೂತೇ ಎಣಿಸಿ. ಮರುದಿನ ಅದೇ ವೇಳೆಗೆ, ಅಷ್ಟೇ ಹೊತ್ತು, ಅಷ್ಟೇ ನಿಧಾನವಾಗಿ ಮೈದಾನದಲ್ಲಿ ನೇರವಾಗಿ ನಡೆದು ಹೋಲಿಸಿ. ಗೆಳೆಯರಲ್ಲಿ ಅರ್ಧ ಜನ ನೇರ ನಡಿಗೆಯನ್ನೇ ಮೊದಲು ಮಾಡಲಿ. ಒಬ್ಬರ ಲೆಕ್ಕದಿಂದ ಏನೂ ಸಾಬೀತಾಗದು.

ಎರಡೂ ಒಂದೇ ಬಂದರೆ? ಹೆಗ್ಗಳಿಕೆ ನಿಧಾನ ನಡಿಗೆಯದು, ಗೆರೆಯದಲ್ಲ. ನಷ್ಟವೇನಿಲ್ಲ, ನಡೆಯಲು ಶಾಲೆಯ ದಾರಿಯೇ ಸಾಕಲ್ಲ! ಸುತ್ತುದಾರಿಯೇ ಮೇಲಾದರೆ ಗೆರೆ ಅಳಿಸದೆ ಇಟ್ಟುಕೊಳ್ಳಿ. ಏನೇ ಬರಲಿ, ಬಂದದ್ದನ್ನೇ ಬರೆಯಿರಿ.

ಇನ್ನೊಂದು ಮಾತು. ಭಯದಿಂದ ನಿದ್ದೆ, ಊಟ ಬಿಟ್ಟಿದ್ದರೆ ಸೀಮೆಸುಣ್ಣದ ಗೆರೆಯನ್ನು ನಂಬಿ ಕೂರಬೇಡಿ. ಮನೆಯಲ್ಲಿ ಹೇಳಿ, ನಮಗೆ ಹೇಳಿ. ಕೇಳಿಸಿಕೊಳ್ಳುವುದೂ ಮೇಷ್ಟ್ರ ಕೆಲಸವೇ.