ಪೂಜಾರಿ ಕೊಡದ ಪತ್ರ

ನಮ್ಮ ಸಂಘದ ಈ ಸಲದ ವಾರ್ಷಿಕ ಮಹಾಸಭೆಗೆ ಬಂದವರು ಬೆರಳೆಣಿಕೆಯ ಮಂದಿ. ಕೋರಂ ಇಲ್ಲದೆ ಅರ್ಧ ಗಂಟೆ ಕಾದು, ಇದ್ದವರಲ್ಲೇ ಸಭೆ ಮುಗಿಸಿದೆವು. ಮರುವಾರ ಡೊಂಬಿವಲಿಯ ಹಿರಿಯ ಸದಸ್ಯರೊಬ್ಬರು ಸಿಕ್ಕಾಗ, "ಕರೆಯುವ ಸೌಜನ್ಯವೂ ಬೇಡವಾಯಿತೇ?" ಎಂದು ಮುಖ ತಿರುಗಿಸಿದರು. ಕರೆದಿದ್ದೆವು, ಇ-ಮೇಲ್ ಕಳಿಸಿದ್ದೆವು. ಅವರ ಮೊಮ್ಮಗಳು ಫೋನು ತೆರೆದು ನೋಡಿದರೆ, ನಮ್ಮ ಆಮಂತ್ರಣ 'ಸ್ಪ್ಯಾಮ್' ಎಂಬ ಕಸದ ಬುಟ್ಟಿಯಲ್ಲಿ ಲಾಟರಿ ಸುದ್ದಿಗಳ ನಡುವೆ ಬಿದ್ದಿತ್ತು. ಕಲ್ಯಾಣ, ನೆರೂಳ್ ಕಡೆಯ ಕೆಲವರಿಗೆ ಅಷ್ಟೂ ಇಲ್ಲ. ಅವರ ಪತ್ರ ನಮ್ಮಿಂದ ಹೊರಟೇ ಇರಲಿಲ್ಲ.

ಕಂಪೆನಿಯ ಹೆಸರು ಇಲ್ಲಿ ಬೇಡ. ಎಲ್ಲರ ಮನೆ ದೋಸೆಯೂ ತೂತೇ. ಆದರೆ ತಪ್ಪು ಎರಡು ಬಗೆಯದು, ಅವನ್ನು ಬೇರ್ಪಡಿಸಿ ನೋಡಬೇಕು.

ಮೊದಲನೆಯದು ಮಿತಿ. ಪುಕ್ಕಟೆ ಖಾತೆಗಳಿಗೆ ಎಲ್ಲೆಡೆಯೂ ಮಿತಿಯಿದೆ. ಜಿಮೇಲಿನಲ್ಲಿ ದಿನಕ್ಕೆ 500 ವಿಳಾಸ; ದಾಟಿದರೆ ಖಾತೆ ಒಂದು ದಿನದವರೆಗೂ ಮೂಕ. ನಮಗೂ ಹಾಗೇ ಆಯಿತು. ಮಿತಿ ಮೀರಿದೆ ಎಂಬ ಸೂಚನೆ ಬಂದಿತ್ತು, ನಾವು ಓದಲಿಲ್ಲ. ಈ ತಪ್ಪು ನಮ್ಮದೇ. ಮಿತಿ ಏಕೆಂದು ಕೇಳುವವರಿಗೆ ಒಂದು ಮಾತು: 1978ರ ಮೇ 3ರಂದು ಅಮೆರಿಕದ ಗ್ಯಾರಿ ಥುಯೆರ್ಕ್ ಎಂಬಾತ ಕಂಪ್ಯೂಟರ್ ಮಾರಾಟದ ಒಂದೇ ಪತ್ರವನ್ನು ಸುಮಾರು 400 ಜನರಿಗೆ ಹಂಚಿದ. ಅಂದು ಹುಟ್ಟಿದ ಪಿಡುಗು ಇಂದಿಗೂ ಹೋಗಿಲ್ಲ. ಬೇಲಿ ಬೇಕು, ಒಪ್ಪಿದೆವು.

ಎರಡನೆಯದು ಮೌನ. ನಮ್ಮ ಜಗಳ ಇರುವುದು ಇದರೊಂದಿಗೆ. ಅಂಚೆಯವನು ಹಂಚಲಾಗದ ಕಾಗದದ ಮೇಲೆ ಕಾರಣ ಬರೆದು ಹಿಂದಿರುಗಿಸುತ್ತಾನೆ. 1982ರಲ್ಲಿ ಇ-ಮೇಲ್ ರವಾನೆಗೆ ಮಾಡಿದ ನಿಯಮವೂ ಅದನ್ನೇ ಹೇಳಿತ್ತು: ಪತ್ರ ಒಪ್ಪಿಕೊಂಡ ಮೇಲೆ ತಲುಪಿಸಬೇಕು, ಇಲ್ಲವೇ ತಲುಪಲಿಲ್ಲವೆಂದು ಕಳಿಸಿದವನಿಗೆ ತಿಳಿಸಬೇಕು. ಇಂದಿನ ಸೋಸುವ ಯಂತ್ರ ಪತ್ರವನ್ನು ಒಪ್ಪಿಕೊಳ್ಳುತ್ತದೆ, ಕಸಕ್ಕೆ ಹಾಕುತ್ತದೆ, ಯಾರಿಗೂ ಹೇಳುವುದಿಲ್ಲ. ಜಿಮೇಲಿನಲ್ಲಾದರೆ 30 ದಿನಕ್ಕೆ ಅಳಿಸಿಯೂ ಬಿಡುತ್ತದೆ. ದೇವರು ಕೊಟ್ಟರೂ ಪೂಜಾರಿ ಕೊಡನೆಂದರೆ ಇದೇ ಅಲ್ಲವೇ?

ಹೇಳಿದರೆ ಕಳ್ಳನಿಗೇ ದಾರಿ ತೋರಿಸಿದಂತಾಗುತ್ತದೆ ಎನ್ನುತ್ತಾರೆ ಕಂಪೆನಿಗಳವರು. ಸರಿ, ಕಳಿಸಿದವನಿಗೆ ಹೇಳಬೇಡಿ. ಪಡೆಯಬೇಕಾದವನಿಗಾದರೂ ಹೇಳಿ! ಹಣ ತೆತ್ತ ಕಚೇರಿಗಳಿಗೆ, ತಡೆಹಿಡಿದ ಪತ್ರಗಳ ಪಟ್ಟಿ ಕಳಿಸುವ ಏರ್ಪಾಡು ಇದ್ದೇ ಇದೆ. ಠಾಣೆಯ ನಿವೃತ್ತ ಗುಮಾಸ್ತರಿಗೆ ವಾರಕ್ಕೊಮ್ಮೆ, ಕನ್ನಡದಲ್ಲಿ, ಅಂಥದೊಂದು ಪಟ್ಟಿ ಕೊಡಲು ಏನು ಕಷ್ಟ? ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕುವುದು ನ್ಯಾಯವಲ್ಲ.

ವಾಟ್ಸಾಪ್ ಇದೆಯಲ್ಲ ಎನ್ನುವ ಮಿತ್ರರಿದ್ದಾರೆ. ಮಹಾಸಭೆಯ ಸೂಚನೆ, ಲೆಕ್ಕಪತ್ರ, ನಿಧನವಾರ್ತೆ ಇವೆಲ್ಲ ಶುಭೋದಯದ ಹೂಗುಚ್ಛಗಳ ಕೆಳಗೆ ಒಂದೇ ಗಂಟೆಯಲ್ಲಿ ಹೂತುಹೋಗುವುದನ್ನು ಅವರೂ ಕಂಡಿದ್ದಾರೆ.

ಇನ್ನು ನಮ್ಮ ಮನೆಯ ಕಸ. ಹೊರನಾಡಿನ ಎಷ್ಟೋ ಸಂಘಗಳ ಪತ್ರವ್ಯವಹಾರ ಇಂದಿಗೂ ಕಾರ್ಯದರ್ಶಿಯವರ ಖಾಸಗಿ ಖಾತೆಯಲ್ಲಿದೆ. ಅವರು ಬದಲಾದರೆ ಇತಿಹಾಸವೂ ಅವರೊಡನೆ ಹೋಗುತ್ತದೆ. 2024ರ ಫೆಬ್ರುವರಿಯಿಂದ ಗೂಗಲ್, ಯಾಹೂ ಸಂಸ್ಥೆಗಳು ಕಳಿಸುವವರ ಗುರುತಿನ ದಾಖಲೆ ಕೇಳುತ್ತಿವೆ. ಕಸವೆಂಬ ದೂರು ನೂರಕ್ಕೆ 0.3ಕ್ಕೆ ಮುಟ್ಟಬಾರದೆಂಬ ನಿಯಮವೂ ಇದೆ. ಅಂದರೆ ಸಾವಿರದಲ್ಲಿ ಮೂವರು ಸದಸ್ಯರು ಬೇಸರದಿಂದ ಆ ಗುಂಡಿ ಒತ್ತಿದರೆ, ಉಳಿದವರ ಪತ್ರಕ್ಕೂ ಕುತ್ತು.

ಆದ್ದರಿಂದ ಮೂರು ಕೆಲಸ ಮಾಡೋಣ. ಸಂಘಕ್ಕೆ ಸ್ವಂತ ಡೊಮೇನ್ ಕೊಂಡು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಗುರುತುಗಳನ್ನು ಮಾಡಿಸೋಣ. ನಮ್ಮ ಮಕ್ಕಳಲ್ಲೇ ಇದನ್ನು ಬಲ್ಲವರು ಐರೋಳಿ, ಮಹಾಪೆಯ ಕಂಪೆನಿಗಳಲ್ಲಿದ್ದಾರೆ. ಸತ್ತ ವಿಳಾಸಗಳನ್ನು ತೆಗೆದು, ಬೇಕೆಂದವರಿಗೆ ಮಾತ್ರ ಕಳಿಸೋಣ. ಸದಸ್ಯರು ಇಂದೇ ಕಸದ ಬುಟ್ಟಿ ಕೆದಕಿ, ಸಂಘದ ಪತ್ರವಿದ್ದರೆ 'ಇದು ಕಸವಲ್ಲ' ಎಂದು ಒತ್ತಲಿ.

ಪೂಜಾರಿಯನ್ನು ಪ್ರಶ್ನಿಸುವುದನ್ನು ನಾವು ಬಿಡುವುದಿಲ್ಲ. ಆದರೆ ಪ್ರಶ್ನಿಸುವವರ ಕೈ ಮೊದಲು ಚೊಕ್ಕಟವಾಗಿರಲಿ. ಮುಂದಿನ ಮಹಾಸಭೆಗೆ ಡೊಂಬಿವಲಿಯ ಆ ಹಿರಿಯರನ್ನು ಕರೆಯಲು ನಾವು ಅವರ ಮನೆಗೇ ಹೋಗುತ್ತೇವೆ.