ಕೈಪಿಡಿ ದಪ್ಪವಿದ್ದರೆ ಸಾಕೇ?

ಕಳೆದ ತಿಂಗಳು ಆರ್.ಕೆ. ಪುರಂನ ನಮ್ಮ ಸಂಘದ ಅಂಗಳದಲ್ಲಿ ಕಾಫಿ ಕುಡಿಯುತ್ತ ನಿಂತಿದ್ದಾಗ, ಗುರುಗ್ರಾಮ, ನೋಯ್ಡಾಗಳ ಕಂಪನಿಗಳಲ್ಲಿ ದುಡಿಯುವ ನಮ್ಮ ಮಕ್ಕಳ ಮಾತೊಂದು ಕಿವಿಗೆ ಬಿತ್ತು. “ಕೈಪಿಡಿ ಬರೆಯುವ ಕಾಲ ಮುಗಿಯಿತು, ಇನ್ನು ಎಲ್ಲವನ್ನೂ ಎ.ಐ. ಏಜೆಂಟ್ ತಾನೇ ತಿಳಿದುಕೊಳ್ಳುತ್ತದೆ.” ಈ ಮಾತನ್ನು ನಾವು ಖಂಡಿತವಾಗಿಯೂ ಒಪ್ಪುವುದಿಲ್ಲ.

ಈ ಕ್ಷೇತ್ರದ ಪರಿಚಯವಿಲ್ಲದ ಹಿರಿಯರಿಗಾಗಿ ಎರಡು ಮಾತು. ಬರೆದ ಕೋಡಿನಲ್ಲಿ ತಪ್ಪು ಹುಡುಕಲೆಂದೇ ಬೇರೆ ತಂತ್ರಾಂಶಗಳಿವೆ. 1970ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಸ್ಟೀಫನ್ ಜಾನ್ಸನ್ ಬರೆದ ‘ಲಿಂಟ್’ ಇವುಗಳ ಹಿರಿಯಣ್ಣ. ಇಎಸ್‌ಲಿಂಟ್, ಪೈಲಿಂಟ್ ಮೊದಲಾದವು ಅದರ ತಮ್ಮಂದಿರು. “ಇಂಥ ಸಾಲಿನಲ್ಲಿ ಇಂಥ ನಿಯಮ ಮುರಿದಿದೆ” ಎಂದು ಇವು ಎಚ್ಚರಿಸುತ್ತವೆ. ನಿನ್ನೆಯವರೆಗೆ ಆ ಎಚ್ಚರಿಕೆ ಓದಿ ತಿದ್ದುತ್ತಿದ್ದವನು ಮನುಷ್ಯ. ಇಂದು ಆ ಕೆಲಸ ಎ.ಐ. ಏಜೆಂಟಿನ ಕೈಗೂ ಬಂದಿದೆ. ಹಾಗಿರುವಾಗ ಆ ಸಾಧನದ ಕೈಪಿಡಿ ಚೆನ್ನಾಗಿದೆಯೇ ಎಂದು ಅಳೆಯುವ ಬಗೆ ಯಾವುದು?

ಊರಿನಿಂದ ಮೊದಲ ಬಾರಿಗೆ ಬರುವ ಅಳಿಯನಿಗೆ ನಾವು ದಾರಿ ಹೇಳುವುದನ್ನು ನೆನೆಯಿರಿ. “ಮುನಿರ್ಕಾ ದಾಟಿದ ಕೂಡಲೇ ಇಳಿದುಬಿಡಿ” ಎನ್ನುತ್ತೇವೆ. ಮುನಿರ್ಕಾ ಯಾವುದೆಂದೇ ತಿಳಿಯದವರಿಗೆ ಇದರಿಂದೇನು ಲಾಭ? ಏಜೆಂಟ್ ಎಂಬುದು ದಿನಾ ಬೆಳಿಗ್ಗೆ ಹೊಸದಾಗಿ ರೈಲಿಳಿಯುವ ಅಳಿಯ. ನಿನ್ನೆ ಹೇಳಿದ್ದನ್ನು ಎಲ್ಲಾದರೂ ಬರೆದಿಡದಿದ್ದರೆ ಅದಕ್ಕೆ ನೆನಪಿರದು. ಅನುಮಾನ ಬಂದರೆ ಮನುಷ್ಯ ಪಕ್ಕದ ಮೇಜಿನವರನ್ನು ಕೇಳುತ್ತಾನೆ. ಏಜೆಂಟ್ ಅನೇಕ ವೇಳೆ ಕೇಳದೆಯೇ ಮಾಡಿ ಮುಗಿಸುತ್ತದೆ. ಎಚ್ಚರಿಕೆ ಹೋಗಲಾಡಿಸು ಎಂದರೆ, ತಪ್ಪು ತಿದ್ದುವ ಬದಲು ಎಚ್ಚರಿಕೆಯ ಬಾಯನ್ನೇ ಮುಚ್ಚಿಸಿ ಬರುವುದೂ ಉಂಟು.

ಹೀಗೆ ಮಾಡಿದರೆ ಏನಾಗುತ್ತದೆಂಬುದಕ್ಕೆ ಹಳೆಯ ಸಾಕ್ಷಿಯಿದೆ, ಅದೂ ಮನುಷ್ಯರ ಕೈಯಿಂದಲೇ ಆದದ್ದು. 2006ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯವರು ಓಪನ್‌ಎಸ್‌ಎಸ್‌ಎಲ್ ಎಂಬ ಗುಪ್ತಲಿಪಿಯ ತಂತ್ರಾಂಶವನ್ನು ವಾಲ್‌ಗ್ರಿಂಡ್ ಎಂಬ ಸಾಧನದಿಂದ ತಪಾಸಣೆ ಮಾಡಿದಾಗ ಎಚ್ಚರಿಕೆಗಳು ಬಂದವು. ಕೋಡಿನ ಎರಡು ಸಾಲುಗಳನ್ನು ನಿಷ್ಕ್ರಿಯಗೊಳಿಸಿದರು, ಎಚ್ಚರಿಕೆ ನಿಂತಿತು. ಆದರೆ ಅವುಗಳಲ್ಲೊಂದು, ಗುಪ್ತ ಕೀಲಿಗಳನ್ನು ಊಹೆಗೆ ನಿಲುಕದಂತೆ ಮಾಡುತ್ತಿದ್ದ ಸಾಲು! ಸಂಗತಿ ಬಯಲಾದದ್ದು 2008ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಎಣಿಕೆಗೆ ಸಿಗದಷ್ಟಿರಬೇಕಾಗಿದ್ದ ಕೀಲಿಗಳು, ಒಂದೊಂದು ಬಗೆಗೆ ಸುಮಾರು 32 ಸಾವಿರಕ್ಕೆ ಇಳಿದಿದ್ದವು. ಸಾಧನ ಸುಳ್ಳು ಹೇಳಿರಲಿಲ್ಲ. ತನ್ನ ಮಾತನ್ನು ಎಲ್ಲಿ ಕೇಳಬಾರದು ಎಂಬುದನ್ನು ಮಾತ್ರ ಅದು ಹೇಳಿರಲಿಲ್ಲ.

ಆದ್ದರಿಂದ ನಮ್ಮ ವಾದ ಇಷ್ಟೇ: ನಿಯಮವನ್ನು ಎಲ್ಲಿ ಪಾಲಿಸಬಾರದೆಂದು ಹೇಳದ ಕೈಪಿಡಿ ಅರ್ಧ ಕೈಪಿಡಿ. ಇದೇನು ಹೊಸ ಮಾತಲ್ಲ. 13ನೆಯ ಶತಮಾನದ ನಮ್ಮ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರ ಹೇಳಿ ಸುಮ್ಮನಾಗಲಿಲ್ಲ, ವೃತ್ತಿಯಲ್ಲಿ ವಿವರಿಸಿದ, ಪ್ರಯೋಗಗಳನ್ನು ಕೊಟ್ಟ. ಸಂಧಿ ಎಲ್ಲಿ ಆಗುತ್ತದೆಂದು ಹೇಳಿದವನು ಎಲ್ಲಿ ಆಗದೆಂಬುದನ್ನೂ ಹೇಳಿದ. ಇಂದಿನ ಒಳ್ಳೆಯ ಸಾಧನಗಳೂ ಇದೇ ದಾರಿ ಹಿಡಿದಿವೆ. ಇಎಸ್‌ಲಿಂಟಿನ ಅನೇಕ ನಿಯಮಗಳ ಪುಟದಲ್ಲಿ ‘ಯಾವಾಗ ಬಳಸಬಾರದು’ ಎಂಬ ಭಾಗವೇ ಇದೆ. ರಸ್ಟ್ ಭಾಷೆಯ ‘ಕ್ಲಿಪ್ಪಿ’ ತನ್ನ ನಿಯಮ ಏನು ಮಾಡುತ್ತದೆ, ಏಕೆ ಬೇಕು ಎಂದು ಹೇಳಿ ಉದಾಹರಣೆ ಕೊಡುತ್ತದೆ.

ಆದರೆ ಕೈಪಿಡಿಗೆ ಅಂಕ ಹಾಕುವವರು ನೋಡುವುದೇನನ್ನು? ಪುಟಗಳೆಷ್ಟು, ಬಣ್ಣ ಹೇಗಿದೆ, ಎಲ್ಲ ನಿಯಮಗಳ ಹೆಸರೂ ಬಂದಿದೆಯೇ! ಏಜೆಂಟ್ ಒಮ್ಮೆಗೆ ಮನಸ್ಸಿನಲ್ಲಿಟ್ಟುಕೊಳ್ಳುವ ಮಾತಿಗೂ ಮಿತಿಯಿದೆ. ಬೇಡದ ಪುಟಗಳು ಬೇಕಾದ ಒಂದು ಸಾಲನ್ನು ಹೂತುಹಾಕುತ್ತವೆ. ಇನ್ನು ಕೆಲವರು ಎ.ಐ.ಯಿಂದಲೇ ಕೈಪಿಡಿ ಬರೆಸಿ, ಎ.ಐ.ಯಿಂದಲೇ ಅಂಕ ಹಾಕಿಸುತ್ತಾರೆ. ಬರೆದವನೇ ಮೌಲ್ಯಮಾಪಕನಾದ ಪರೀಕ್ಷೆಯಲ್ಲಿ ಫೇಲಾಗುವವರು ಯಾರು?

ಸರಿಯಾದ ಪರೀಕ್ಷೆ ಕಷ್ಟದ್ದೇನಲ್ಲ. ಒಂದು ಚಿಕ್ಕ ಕೋಡಿನಲ್ಲಿ ನಿಜವಾದ ತಪ್ಪೊಂದನ್ನು ಇಡಿ. ಸಾಧನವು ತಪ್ಪೆಂದು ಕೂಗುವ, ಆದರೆ ಮುಟ್ಟಬಾರದ ಸಾಲೊಂದನ್ನೂ ಇಡಿ. ಕೈಪಿಡಿ ಕೊಡದೆ ಏಜೆಂಟಿಗೆ ಹಲವು ಸಲ ಬಿಡಿ, ಕೊಟ್ಟು ಹಲವು ಸಲ ಬಿಡಿ. ಮೊದಲನೆಯದನ್ನು ತಿದ್ದಿ ಎರಡನೆಯದನ್ನು ಉಳಿಸಿದರೆ ಕೈಪಿಡಿ ಗೆದ್ದಿತು. ಕೊಟ್ಟರೂ ಕೊಡದಿದ್ದರೂ ಒಂದೇ ಫಲವಾದರೆ ಆ ದಪ್ಪ ಪುಸ್ತಕ ಯಾರಿಗಾಗಿ?

ಇದು ಕಂಪನಿಗಳ ಒಳಗಿನ ಮಾತು, ನಮಗೇಕೆ ಎನ್ನಬೇಡಿ. ಕರ್ನಾಟಕ ಎಕ್ಸ್‌ಪ್ರೆಸ್ಸಿನ ಟಿಕೆಟ್ಟು, ಪಿಂಚಣಿಯ ಹಣ, ಆಸ್ಪತ್ರೆಯ ಚೀಟಿ ಎಲ್ಲವೂ ಕೋಡಿನ ಮೇಲೆಯೇ ನಿಂತಿವೆ. ಏಜೆಂಟ್ ಎಡವಿದರೆ ಅದಕ್ಕೆ ಮೆಮೊ ಬರುವುದಿಲ್ಲ. ಬರುವುದು ರಾತ್ರಿ ಹನ್ನೊಂದರಲ್ಲಿ ಸಹಿ ಹಾಕಿದ ನಮ್ಮ ಮನೆಯ ಹುಡುಗನಿಗೆ, ಹುಡುಗಿಗೆ. ಕೈಪಿಡಿ ಬರೆಯುವುದನ್ನು ಬಿಡುವಿದ್ದವರ ಕೆಲಸವೆಂದು ಹೀಗಳೆಯುವ ಮೇಲಧಿಕಾರಿಗಳು ಈ ಹೊರೆಯಲ್ಲಿ ಪಾಲು ಹೊರುತ್ತಾರೆಯೇ?

ನಮ್ಮ ಮಕ್ಕಳಿಗೆ ನಾವು ಹೇಳುವುದಿಷ್ಟು: ಏಜೆಂಟಿಗೆ ಕೆಲಸ ಒಪ್ಪಿಸಿ, ಬೇಡವೆನ್ನುವುದಿಲ್ಲ. ಆದರೆ ‘ಏಕೆ’ ಮತ್ತು ‘ಎಲ್ಲಿ ಬೇಡ’ ಎಂಬ ಎರಡು ಮಾತನ್ನು ನೀವೇ ಕೈಯಾರೆ ಬರೆಯಿರಿ. ಅದಕ್ಕೆ ಸಮಯವನ್ನೂ ಮನ್ನಣೆಯನ್ನೂ ಕಚೇರಿಯಲ್ಲಿ ಕೇಳಿ ಪಡೆಯಿರಿ. ದಾರಿ ತಿಳಿದವರು ಸರಿಯಾಗಿ ಹೇಳದಿದ್ದರೆ, ದಾರಿ ತಪ್ಪಿದ ಅಳಿಯನನ್ನು ಬೈದು ಫಲವೇನು?